ಬಾಯಿ ಬಿಡದ ಮಾರ್ಗರೆಟ್

ರಾಯಪ್ಪನವರ ನಾಟಕದಲ್ಲಿ ಸಂತರು ಸಾಯುವ ಮುನ್ನ ಗುಡುಗಲೇಬೇಕು. ಬೆಂಗಳೂರಿನ ಚರ್ಚಿನ ಅಂಗಳದಲ್ಲಿ ಅಂಥ ನಾಟಕಗಳನ್ನೇ ನೋಡಿ ಬೆಳೆದ ಮನುಷ್ಯ. ಅಮೆರಿಕದ ಪಾರ್ಸಿಪನಿಗೆ ಬಂದು ಇಷ್ಟು ವರ್ಷ ಕಂಪ್ಯೂಟರ್ ಕುಟ್ಟಿದರೂ ಆ ಚಟ ಬಿಟ್ಟಿರಲಿಲ್ಲ. ಕನ್ನಡ ಕ್ಯಾಥೊಲಿಕರ ಈ ವರ್ಷದ ನಾಟಕ ಇಂಗ್ಲೆಂಡಿನ ರಕ್ತಸಾಕ್ಷಿ ಮಾರ್ಗರೆಟ್ ಕ್ಲಿದರೋಳದು. ಕ್ಯಾಥೊಲಿಕರ ಬಲಿಪೂಜೆ, ಅಂದರೆ ಮಾಸ್, ಅಪರಾಧವಾಗಿದ್ದ ಕಾಲದಲ್ಲಿ ಪಾದ್ರಿಗಳನ್ನು ಮನೆಯಲ್ಲಿ ಬಚ್ಚಿಟ್ಟ ಕಟುಕನ ಹೆಂಡತಿ ಅವಳು. ನ್ಯಾಯಾಲಯದ ದೃಶ್ಯದಲ್ಲಿ ಅವಳಿಗೆ ಎರಡು ಪುಟ ಮಾತು ಬರೆದಿದ್ದರು.

ಆ ಪಾತ್ರದ ಅನಿಕಾ, ಇಲ್ಲೇ ಹುಟ್ಟಿ ಹೈಸ್ಕೂಲು ಓದುತ್ತಿದ್ದವಳು, ರಿಹರ್ಸಲ್‌ನಲ್ಲೇ ತಕರಾರು ತೆಗೆದಳು.

"ಅಂಕಲ್, ಶಿ ನೆವರ್ ಪ್ಲೀಡೆಡ್. ಕೇಸ್ ನಡೆದ್ರೆ ಅವಳ ಮಕ್ಕಳನ್ನೇ ಕರೆಸಿ ಸಾಕ್ಷಿ ಹೇಳಿಸ್ತಾರೆ ಅಂತ ಗೊತ್ತಿತ್ತು. ಸೋ, ತಪ್ಪು ಮಾಡಿದೀನಿ, ಮಾಡಿಲ್ಲ, ಎರಡೂ ಹೇಳಲಿಲ್ಲ. ಮತ್ತೆ ಸ್ಪೀಚ್ ಯಾಕೆ?"

"ಕನ್ನಡ ಬಾಯಿಪಾಠ ಮಾಡೋಕೆ ಸೋಮಾರಿತನ, ಅದಕ್ಕೇ ನೆಪ," ಎಂದರು ರಾಯಪ್ಪ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಅನಿಕಾಗೆ ಸಿಟ್ಟು ಬಂತು. ಮುಂದಿನ ವಾರವೇ ಎರಡೂ ಪುಟವನ್ನು ಒಂದು ತಪ್ಪಿಲ್ಲದೆ ಒಪ್ಪಿಸಿದಳು. "ಈಗ ತೆಗೀತೀರಾ?"

"ಇಷ್ಟು ಚೆನ್ನಾಗಿ ಹೇಳ್ತೀಯ, ತೆಗೆಯೋದ್ಯಾಕಮ್ಮ?"

ನಾಟಕದ ದಿನ ಹೋಬೋಕನ್, ರಾಬಿನ್ಸ್‌ವಿಲ್ ಕಡೆಯಿಂದೆಲ್ಲ ಜನ ಬಂದು ಹಾಲ್ ತುಂಬಿತು. ನ್ಯಾಯಾಧೀಶನ ಪಾತ್ರಕ್ಕೆ ಡಾಕ್ಟರ್ ಶಿವಪ್ರಕಾಶ್. ಅವರು ಚರ್ಚಿನವರಲ್ಲ, ಆದರೆ ಕಂಠ ಅಂಥದ್ದು.

"ಮಾರ್ಗರೆಟ್! ನೀನು ಅಪರಾಧಿಯೋ, ನಿರಪರಾಧಿಯೋ?"

ಅನಿಕಾ ಮಾತಾಡಲಿಲ್ಲ. ಪರದೆಯ ಮರೆಯಿಂದ ರಾಯಪ್ಪ ಮೊದಲ ಸಾಲು ಪಿಸುಗುಟ್ಟಿದರು. ಮತ್ತೊಮ್ಮೆ, ಇನ್ನೂ ಜೋರಾಗಿ. "ಪಾಪ, ಇಲ್ಲಿ ಹುಟ್ಟಿದ ಮಗು, ಮರೆತುಹೋಗಿರ್ಬೇಕು," ಎಂದರು ಪ್ರೇಕ್ಷಕರ ಮುಂದಿನ ಸಾಲಿನಲ್ಲಿದ್ದ ಅಂತೋಣಮ್ಮ. ನಾಟಕ ನೀರುಪಾಲಾಯಿತೆಂದುಕೊಂಡರು ರಾಯಪ್ಪ.

ಆಗ ಅನಿಕಾ ಅವರ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದಳು. ಮತ್ತೆ ವೇದಿಕೆಯ ಮೂಲೆಯಲ್ಲಿ ನಿಂತಿದ್ದ ತನ್ನ ನಾಟಕದ ಮಕ್ಕಳನ್ನೇ ನೋಡುತ್ತ ನಿಂತಳು. ಮರೆತಿಲ್ಲ ಹುಡುಗಿ! ಈ ಮಕ್ಕಳನ್ನು ಕಾಪಾಡುತ್ತಿದ್ದಾಳೆ. ರಾಯಪ್ಪನವರಿಗೆ ತಮ್ಮ ಎರಡು ಪುಟಗಳ ಬಗ್ಗೆ ನಾಚಿಕೆಯಾಯಿತು.

"ಬಾಯಿ ಬಿಡದಿದ್ದರೆ ಮೈಮೇಲೆ ಬಾಗಿಲು ಹೊರಿಸಿ, ಕಲ್ಲು ಹೇರಿ ಕೊಲ್ಲಿಸುತ್ತೇನೆ!" ಶಿವಪ್ರಕಾಶ್ ಅಬ್ಬರಿಸಿದರು.

ಅನಿಕಾ ಬಗ್ಗಿ ತನ್ನ ಬೂಟು ಬಿಚ್ಚಿದಳು. ನಿಜವಾದ ಮಾರ್ಗರೆಟ್ ಸಾಯುವ ಮುಂಚೆ, ತನ್ನ ದಾರಿಯಲ್ಲೇ ನಡೆಯಲೆಂದು, ಮಗಳಿಗೆ ತನ್ನ ಬೂಟು ಕಳಿಸಿದ್ದಳು. ಮಾತಿಗೆ ಜಾಗ ಸಾಲದೆಂದು ರಾಯಪ್ಪನವರೇ ಅದನ್ನು ನಾಟಕದಿಂದ ಕೈಬಿಟ್ಟಿದ್ದರು. ಮಗಳಾಗಿದ್ದ ಪುಟ್ಟ ಸಿಯಾಳ ಮುಂದೆ ಮಂಡಿಯೂರಿ ಅನಿಕಾ ಹೇಳಿದಳು:

"ಹಾಕ್ಕೋ ಮಗಳೇ. ಇನ್ಮೇಲೆ ನೀನು ನಡಿ."

ಆಮೇಲೆ ತಾನೇ ಹೋಗಿ ನೆಲದ ಮೇಲೆ ಕೈಚಾಚಿ ಮಲಗಿದಳು. ಸೈನಿಕರು ಬಾಗಿಲು ಹೊರಿಸಿದರು. ಏನು ಮಾಡಬೇಕೆಂದು ಯಾರೂ ಹೇಳಿಕೊಡದ ಸಿಯಾ ಆ ದೊಡ್ಡ ಬೂಟುಗಳಲ್ಲಿ ಕಾಲು ತೂರಿಸಿ, ಟಪ್ ಟಪ್ ಎಂದು ವೇದಿಕೆಯ ಉದ್ದಕ್ಕೂ ನಡೆಯತೊಡಗಿದಳು. ಒಮ್ಮೆ ಮುಗ್ಗರಿಸಿದಳು, ಮತ್ತೆ ನಡೆದಳು. ಮೊದಲು ಅಂತೋಣಮ್ಮ ಎದ್ದು ನಿಂತರು, ಆಮೇಲೆ ಹಾಲ್‌ಗೆ ಹಾಲೇ ಎದ್ದು ನಿಂತಿತು.

ಪರದೆ ಇಳಿಸಬೇಕಾದವರು ರಾಯಪ್ಪನವರೇ. ಅವರು ಹಗ್ಗ ಕೈಬಿಟ್ಟು, ಕಣ್ಣೀರು ಸುರಿಸುತ್ತ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು: "ನಡಿಯಮ್ಮಾ, ನಡಿ!"