ಕುರಿರೊಪ್ಪದಲ್ಲಿ ಜಪ್ತಿಯಾದ ಗುದ್ದಲಿ

ನಾನು ಒಂದು ಗುದ್ದಲಿ. ನನ್ನನ್ನು ಸಲಿಕೆ ಎಂದು ಕರೆದವರಿದ್ದಾರೆ, ಪಿಕಾಸಿ ಎಂದವರಿದ್ದಾರೆ, ಒಬ್ಬ ಮಹಾನುಭಾವ ‘ಆ ಕೊಡಲಿ ಕೊಡ್ರಿ ಇಲ್ಲಿ’ ಎಂದು ಕೈಚಾಚಿದ್ದೂ ಉಂಟು. ಸೈಕಲ್ ಬಳಗದವರ ಕೈಗೆ ಸಿಕ್ಕ ಮೇಲೆ ಇಂಥದ್ದನ್ನೆಲ್ಲ ಸಹಿಸಿಕೊಳ್ಳುವುದು ಅಭ್ಯಾಸವಾಗಿದೆ. ಆದರೂ ನನ್ನ ಕಥೆ ಹೇಳುವ ಸರದಿ ಬಂದಾಗ ಹೆಸರನ್ನಾದರೂ ಸರಿಯಾಗಿ ಹೇಳಿಕೊಳ್ಳಬೇಕಲ್ಲ.

ನಾನು ಹುಟ್ಟಿದ್ದು ತುಮಕೂರಿನ ಸಿದ್ಧಲಿಂಗಾಚಾರಿಯ ಕುಲುಮೆಯಲ್ಲಿ. ಕೆಟ್ಟುಹೋದ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ, ಬಡಿದು, ನನಗೆ ಅಲಗು ಕೊಟ್ಟ. ಜಾಲಿಯ ಕಾವು ತೊಡಿಸಿ, ಬೆಣೆ ಬಡಿದು, ಬೆರಳಿನಿಂದ ನನ್ನ ಅಂಚು ಸವರಿ ನೋಡಿ, ‘ಇದು ಮೂರು ತಲೆಮಾರು ಬಾಳುತ್ತೆ’ ಎಂದ. ಅದನ್ನು ಕೇಳಿ ನಾನು ಉಬ್ಬಿಹೋದೆ. ಬಾವಿ ತೋಡುತ್ತೇನೆ, ಪಾಯ ಅಗೆಯುತ್ತೇನೆ, ಕಾಲುವೆ ಕಡಿಯುತ್ತೇನೆ ಎಂದೆಲ್ಲ ಲೆಕ್ಕ ಹಾಕಿದೆ.

ನನ್ನನ್ನು ಕೊಂಡವನು ಕಂಟ್ರಾಕ್ಟರ್ ರುದ್ರೇಶಪ್ಪ. ಅವನು ನನ್ನನ್ನು ಇಟ್ಟುಕೊಂಡಿದ್ದು ಗುದ್ದಲಿ ಪೂಜೆಗೆ ಮಾತ್ರ! ಕಾವಿಗೆ ಬಣ್ಣದ ಕಾಗದ ಸುತ್ತಿ, ಅಲಗಿಗೆ ಅರಿಶಿನ ಕುಂಕುಮ ಬಳಿದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ನಿಲ್ಲಿಸುತ್ತಿದ್ದರು. ನೆಲ ಗಟ್ಟಿಯಾಗಿದ್ದರೆ ಗಣ್ಯರ ಕೈ ನೊಂದೀತೆಂದು ಮೊದಲೇ ಒಂದು ಬುಟ್ಟಿ ಮರಳು ತಂದು ಸುರಿದಿರುತ್ತಿದ್ದರು. ಒಂದು ಕಾವಿಗೆ ಐದಾರು ಕೈ, ಎಲ್ಲರ ಕಣ್ಣೂ ಕ್ಯಾಮೆರಾ ಕಡೆಗೆ. ಮರಳನ್ನು ಒಮ್ಮೆ ಮುಟ್ಟಿಸಿದರೆ ನನ್ನ ಕೆಲಸ ಮುಗಿಯಿತು. ಹಾಗೆ ಪೂಜೆ ಮಾಡಿದ ಒಂದು ಮೋರಿಯಂತೂ ಇಂದಿಗೂ ಮೇಲೆದ್ದಿಲ್ಲ. ಉಳಿದ ದಿನಗಳೆಲ್ಲ ಶೆಡ್ಡಿನ ಮೂಲೆಯಲ್ಲಿ, ಹಾರ ಒಣಗಿಸಿಕೊಂಡು ಕೂತಿರುತ್ತಿದ್ದೆ.

ಅಲ್ಲಿಂದ ನನ್ನನ್ನು ಬಿಡಿಸಿದವಳು ರುದ್ರೇಶಪ್ಪನ ತಂಗಿಯ ಮಗಳು ಕುಮುದಾ. ಊರಲ್ಲಿ ಮೆಡಿಕಲ್ ಶಾಪ್ ನಡೆಸುವ, ನಲವತ್ತರ ಆಸುಪಾಸಿನ ಹೆಂಗಸು. ರಜೆ ಸಿಕ್ಕರೆ ದಪ್ಪ ಚಕ್ರದ ಸೈಕಲ್ ಏರಿ ಗುಡ್ಡಕ್ಕೆ ಹೋಗುವವಳು.

‘ಮಾಮ, ಈ ಗುದ್ದಲಿ ತಗೊಂಡು ಹೋಗ್ಲಾ?’ ಎಂದು ಕೇಳಿದಳು.

‘ತಗೊಂಡ್ಹೋಗಮ್ಮ. ಪಾಪ, ಅದಕ್ಕೆ ಇನ್ನೂ ಮಣ್ಣಿನ ರುಚಿನೇ ಗೊತ್ತಿಲ್ಲ’ ಎಂದು ರುದ್ರೇಶಪ್ಪ ನಕ್ಕ. ನನಗೆ ನಗು ಬರಲಿಲ್ಲ.

ಊರಿನಿಂದ ಸ್ವಲ್ಪ ದೂರದಲ್ಲಿ ಬೋಳುಗುಡ್ಡ ಎಂಬ ಕಲ್ಲುಗುಡ್ಡವಿದೆ. ಅದರ ಬುಡದಲ್ಲಿ ಕಲ್ಲುಬಾವಿಪಾಳ್ಯ. ಗುಡ್ಡದ ನೀರೆಲ್ಲ ಇಳಿದು ಪಾಳ್ಯದ ಕುಂಟೆ ಸೇರುತ್ತದೆ. ಬೇಸಿಗೆಯಿಡೀ ಅಲ್ಲಿಯ ಕುರಿಗಳಿಗೆ ಅದೊಂದೇ ನೀರು. ಕುಮುದಾ ಸೇರಿದ್ದ ಸೈಕಲ್ ಬಳಗಕ್ಕೆ ಆ ಗುಡ್ಡದ ಮೇಲಿಂದ ಕೆಳಗಿನವರೆಗೆ ಒಂದು ಜಾಡು ಮಾಡುವ ಆಸೆ. ಗುಡ್ಡ ಪಾಳ್ಯದವರದು, ಅವರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಲು ಬಳಗದಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಕುಮುದಾ ಒಬ್ಬಳೇ ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಪಂಚಾಯಿತಿ ಅಧ್ಯಕ್ಷೆ ಹೊಂಬಾಳಮ್ಮ ಕುರಿ ಕೂಡುವ ರೊಪ್ಪಕ್ಕೆ ಹೋದಳು. ಅಧ್ಯಕ್ಷೆಯಾದರೂ ಹೊಂಬಾಳಮ್ಮ ದಿನಾ ತಾನೇ ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋಗುತ್ತಿದ್ದಳು.

‘ಓಡಾಡ್ಕಳಿ, ಯಾರ್ ಬ್ಯಾಡ ಅಂತಾರೆ’ ಎಂದಳು ಹೊಂಬಾಳಮ್ಮ. ‘ಆದ್ರೆ ನೀವು ಕೆದಕಿದ್ ಮಣ್ಣು ಬಂದು ನಮ್ ಕುಂಟೇಗೆ ಬಿತ್ತೋ, ಅವತ್ತಿಗೆ ನಿಮ್ ಸೈಕಲ್ಲು ಬಂದ್.’

‘ಒಂದು ಬಾಂಡ್ಲಿ ಮಣ್ಣೂ ಬರಲ್ಲಮ್ಮ. ನಾನು ಮಾತು ಕೊಡ್ತೀನಿ’ ಎಂದಳು ಕುಮುದಾ.

ಆ ಮಾತಿನ ಭಾರ ಬಿದ್ದಿದ್ದು ನನ್ನ ಮೇಲೆ. ಇಳಿಜಾರಿನಲ್ಲಿ ಜಾಡು ಮಾಡಿದರೆ ಮಳೆನೀರು ಅದನ್ನೇ ತನ್ನ ದಾರಿ ಮಾಡಿಕೊಂಡು, ಮಣ್ಣು ಕೊಚ್ಚಿಕೊಂಡು ಕೆಳಗಿಳಿಯುತ್ತದೆ. ಅದಕ್ಕೆ ಅಲ್ಲಲ್ಲಿ ಜಾಡಿಗೆ ಓರೆಯಾಗಿ ಒಂದೊಂದು ತಗ್ಗು ತೋಡಿ, ಅದರ ಕೆಳಬದಿಗೆ ಮಣ್ಣು ಗಟ್ಟಿಯಾಗಿ ಮೆಟ್ಟಬೇಕು. ಹರಿದು ಬಂದ ನೀರು ಆ ತಗ್ಗಿಗಿಳಿದು, ಪಕ್ಕದ ಪೊದೆಗೆ ಹೊರಳಿಕೊಳ್ಳುತ್ತದೆ. ಕುಮುದಾ ಅಂಥ ನೀರುತಗ್ಗುಗಳನ್ನು ಬೇಸಿಗೆಯುದ್ದಕ್ಕೂ ತೋಡಿದಳು. ಕಲ್ಲಿಗೆ ಬಡಿದು ನನ್ನ ಅಲಗು ಕಿಡಿ ಕಾರುತ್ತಿತ್ತು, ಅವಳ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ನಾನು ಗುದ್ದಲಿಯಾಗಿದ್ದು ಆ ಬೇಸಿಗೆಯಲ್ಲಿ.

‘ಇಷ್ಟೊಂದು ಯಾಕೆ ಸಾಯ್ತೀಯ ಇದಕ್ಕೆ?’ ಎಂದು ಗೆಳತಿಯೊಬ್ಬಳು ಕೇಳಿದ್ದಕ್ಕೆ ಕುಮುದಾ, ‘ಬೆಳಿಗ್ಗೆಯಿಂದ ಸಂಜೆವರೆಗೆ ಕೌಂಟರ್ ಹಿಂದೆ ನಿಂತು ಊರವರ ಕಾಯಿಲೆಯೆಲ್ಲ ಕೇಳ್ತೀನಿ. ಈ ಗುಡ್ಡ ಇಳಿಯುವಾಗ ಮಾತ್ರ ಯಾರೂ ನನ್ನ ಮುಖಕ್ಕೆ ಚೀಟಿ ಹಿಡಿಯಲ್ಲ’ ಎಂದಿದ್ದಳು. ಅವಳಿಗೆ ಇದ್ದದ್ದು ಅದೊಂದೇ ಜಾಗ.

ಉಳಿದವರ ಶ್ರಮದಾನದ ವಿಷಯ ಕೇಳಲೇಬೇಡಿ. ಭಾನುವಾರ ಬರುತ್ತಿದ್ದರು, ಇಲ್ಲ ಎನ್ನುವಂತಿಲ್ಲ. ಬಂದವರು ಮೊದಲು ಕೈಗವಸು ಹಾಕಿಕೊಳ್ಳುತ್ತಿದ್ದರು, ಆಮೇಲೆ ನನ್ನನ್ನು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಆಮೇಲೆ ಫೋಟೊ ಸರಿ ಬಂತಾ ನೋಡಲು ಕೈಗವಸು ಬಿಚ್ಚುತ್ತಿದ್ದರು. ನಾಲ್ಕು ಏಟು ಹಾಕುವಷ್ಟರಲ್ಲಿ ಯಾರೋ ‘ತಟ್ಟೆ ಇಡ್ಲಿ ಬಂತು’ ಎನ್ನುತ್ತಿದ್ದ. ನನ್ನನ್ನು ಬಿಸಿಲಿಗೆ ಬಿಸಾಕಿ ನೆರಳಿಗೆ ಓಡುತ್ತಿದ್ದರು. ಗುದ್ದಲಿ ಪೂಜೆಗೂ ಇದಕ್ಕೂ ಇದ್ದ ವ್ಯತ್ಯಾಸವೆಂದರೆ ಇಲ್ಲಿ ಹಾರ ಇರಲಿಲ್ಲ.

ಇವರಿಗೆಲ್ಲ ನಾಯಕ ಜಯಸಿಂಹ. ಬಳಗದ ಅಧ್ಯಕ್ಷ, ಫ್ಲೆಕ್ಸ್ ಅಂಗಡಿಯ ಮಾಲೀಕ. ಕಾರ್ಯಕ್ರಮ ಇಲ್ಲದ ವಾರ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹುಣ್ಣಿಮೆ ಸವಾರಿ, ರಾಜ್ಯೋತ್ಸವ ಸವಾರಿ, ಶಾಲೆ ಮಕ್ಕಳ ಸವಾರಿ, ಎಲ್ಲಕ್ಕೂ ಒಂದೊಂದು ಫ್ಲೆಕ್ಸು. ಕೆಟ್ಟವನಲ್ಲ. ನಾಲ್ಕು ಜನರನ್ನು ಸೇರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಸೇರಿದ ಮೇಲೆ ಏನು ಮಾಡಬೇಕೆಂಬುದು ಅವನಿಗೆ ಕೊನೆಗೂ ಹೊಳೆಯುತ್ತಿರಲಿಲ್ಲ.

ಜಾಡು ಮುಗಿಯಿತು. ಉದ್ಘಾಟನೆಗೆ ದೊಡ್ಡ ಸವಾರಿ ಏರ್ಪಾಡಾಯಿತು. ಮುಖ್ಯ ಅತಿಥಿ ಪಂಚಾಯಿತಿ ಅಧ್ಯಕ್ಷೆ. ಹಿಂದಿನ ದಿನ ಶನಿವಾರ ಕುಮುದಾ ತನ್ನ ಅಕ್ಕನ ಮಗಳ ಸೀಮಂತಕ್ಕೆಂದು ಹಿರಿಯೂರಿಗೆ ಹೋಗಬೇಕಾಯಿತು. ‘ಜಾಡು ಒಂದ್ಸಲ ನೋಡ್ಕೊಂಡ್ಬಿಡಿ’ ಎಂದು ಜಯಸಿಂಹನಿಗೆ ಹೇಳಿ ನನ್ನನ್ನು ಅವನ ಕೈಗೆ ಕೊಟ್ಟಳು. ಬಿಡಿಸಿ ಹೇಳಬಾರದಿತ್ತೇ? ಹೇಳಲಿಲ್ಲ. ಇಷ್ಟು ದಿನ ಜೊತೆಗಿದ್ದವನಿಗೆ ತಿಳಿದಿರುತ್ತದೆ ಎಂದುಕೊಂಡಳು.

ಅವನು ಸಂಗಡಿಗರನ್ನು ಕರೆದುಕೊಂಡು ಗುಡ್ಡ ಹತ್ತಿದ. ಮೊದಲನೆಯ ನೀರುತಗ್ಗಿನ ಮುಂದೆ ನಿಂತು ತಲೆ ಕೆರೆದುಕೊಂಡ.

‘ಛೆ, ಇದೇನ್ರೋ ಇಷ್ಟೊಂದು ಗುಂಡಿ! ಪಾಪ ಕುಮುದಕ್ಕ ಒಬ್ರೇ ಎಷ್ಟೂಂತ ಮಾಡ್ತಾರೆ, ಅರ್ಧಂಬರ್ಧ ಬಿಟ್ಟಿದ್ದಾರೆ. ಎಲ್ಲ ಮುಚ್ಚಿ ನೀಟಾಗಿ ಮಟ್ಟ ಮಾಡ್ಬಿಡೋಣ. ನಾಳೆ ಬಂದು ನೋಡಿದ್ರೆ ಅವ್ರಿಗೆ ಸರ್ಪ್ರೈಸು!’

ನನಗೆ ಬಾಯಿದ್ದಿದ್ದರೆ ಅಂದು ಗುಡ್ಡ ಬಿರಿಯುವ ಹಾಗೆ ಕಿರುಚುತ್ತಿದ್ದೆ. ಅಷ್ಟು ವಾರಗಳಿಂದ ಬಗ್ಗದ ಬೆನ್ನುಗಳೆಲ್ಲ ಅಂದು ಬಗ್ಗಿದವು. ಅಂದು ಯಾರೂ ಇಡ್ಲಿ ಕೇಳಲಿಲ್ಲ, ಯಾರೂ ಫೋಟೊ ತೆಗೆಯಲಿಲ್ಲ. ನನ್ನಿಂದಲೇ, ನಾನು ತೋಡಿದ ತಗ್ಗುಗಳನ್ನೇ ಒಂದೊಂದಾಗಿ ಮುಚ್ಚಿಸಿದರು. ಮುಚ್ಚಿದ ಮೇಲೆ ಮದುವೆ ಮನೆಯ ಅಂಗಳದಂತೆ ಗುಡಿಸಿ ನೀರು ಚಿಮುಕಿಸಿದರು.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೊಂಬಾಳಮ್ಮ ಆ ದಾರಿಯಲ್ಲಿ ಬಂದಳು. ಹಳೇ ಸೀರೆ, ಹೆಗಲ ಮೇಲೆ ಕಂಬಳಿ. ಜಯಸಿಂಹ ಅವಳನ್ನು ಹಿಂದೆ ನೋಡಿದವನಲ್ಲ.

‘ಯಾಕಪ್ಪಾ ಅದನ್ನ ಮುಚ್ತಿದ್ದೀರಿ? ಕುಮುದಮ್ಮ ತೋಡಿದ್ದಲ್ವಾ?’

‘ನಾಳೆ ಪಂಚಾಯ್ತಿ ಅಧ್ಯಕ್ಷರು ಬರ್ತಾರೆ ಅಜ್ಜಿ. ಅಂಥ ದೊಡ್ಡೋರು ನಡೆಯುವಾಗ ಕಾಲಿಗೆ ಗುಂಡಿ ಸಿಗಬಾರ್ದು.’

ಹೊಂಬಾಳಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ಮಳೆ ಬಂದ್ರೆ?’

‘ಎಲ್ಲಿ ಮಳೆ ಅಜ್ಜಿ? ನೀವು ಹೊರಡಿ, ನಿಮ್ ಕುರಿ ಬಂದು ಗುಡಿಸಿದ್ದನ್ನೆಲ್ಲ ಹಾಳುಮಾಡ್ತವೆ.’

‘ಆ ಅಧ್ಯಕ್ಷೆ ನಾನೇ ಕಣಯ್ಯ’ ಎಂದು ಒಂದು ಮಾತು ಆಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಆಡಲಿಲ್ಲ. ‘ಹೂಂ, ಮಾಡ್ಕಳಪ್ಪ’ ಎಂದು ಕುರಿ ಹೊಡೆದುಕೊಂಡು ಹೋದಳು. ಹೇಳದೆ ಹೋದವಳೊಬ್ಬಳು, ಕೇಳದೆ ಮುಚ್ಚಿದವನೊಬ್ಬ, ಇನ್ನೊಂದು ಮಾತು ಸೇರಿಸದೆ ಹಿರಿಯೂರಿಗೆ ಹೋದವಳೊಬ್ಬಳು. ಮನುಷ್ಯರಿಗೆ ನಾಲಿಗೆ ಯಾಕಿದೆಯೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಸಂಜೆ ಮಳೆ ಬಂತು. ನನ್ನನ್ನು ಒಂದು ಪೊದೆಯ ಕೆಳಗೆ ಬಿಟ್ಟುಹೋಗಿದ್ದರು, ಎಲ್ಲವನ್ನೂ ಅಲ್ಲಿಂದ ನೋಡಿದೆ. ನೀರಿಗೆ ಎಲ್ಲೂ ಅಡ್ಡಿಯೇ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಜಾಡನ್ನು ಬಗೆದುಕೊಂಡು, ಹೊಸದಾಗಿ ಮುಚ್ಚಿದ ಸಡಿಲ ಮಣ್ಣನ್ನೆಲ್ಲ ಹೊತ್ತುಕೊಂಡು ಕುಂಟೆಗೆ ಇಳಿಯಿತು.

ಬೆಳಿಗ್ಗೆ ಗುಡ್ಡದ ಬುಡದಲ್ಲಿ ಕಮಾನು, ಫ್ಲೆಕ್ಸು, ರಂಗೋಲಿ, ಉಪ್ಪಿಟ್ಟು ಕೇಸರಿಬಾತು. ಹಿರಿಯೂರಿನಿಂದ ನೇರವಾಗಿ ಬಂದ ಕುಮುದಾ ಜಾಡನ್ನು ನೋಡಿದಳು, ಹೋಗಿ ಪೊದೆಯ ಕೆಳಗಿದ್ದ ನನ್ನನ್ನು ಎತ್ತಿಕೊಂಡಳು. ಅಷ್ಟರಲ್ಲಿ ಹೊಂಬಾಳಮ್ಮ ಬಂದಳು. ಹಾರ ಹಿಡಿದು ಮುಂದೆ ಬಂದ ಜಯಸಿಂಹ ಅವಳ ಮುಖ ನೋಡಿ ಅಲ್ಲೇ ನಿಂತುಬಿಟ್ಟ. ಅವನ ಕೈಯಲ್ಲಿ ಹಾರ ಹಾಗೇ ಉಳಿಯಿತು.

ಹೊಂಬಾಳಮ್ಮ ಎಲ್ಲರನ್ನೂ ಕುಂಟೆಯ ಏರಿಗೆ ಕರೆದುಕೊಂಡು ಹೋದಳು. ನೀರೆಲ್ಲ ಕೆಂಪು ಕೆಸರು. ಕುರಿಗಳು ಮೂಗು ತಾಗಿಸಿ, ಹಿಂದೆ ಸರಿದು, ಅರಚುತ್ತಿದ್ದವು.

‘ಕುಮುದಮ್ಮ, ನನ್ ಹತ್ರ ಏನಂದಿದ್ರಿ?’

‘ಮಾತು ತಪ್ಪಿದ್ದೀನಮ್ಮ’ ಎಂದಳು ಕುಮುದಾ. ಯಾರ ಹೆಸರನ್ನೂ ಹೇಳಲಿಲ್ಲ. ಜಯಸಿಂಹ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಮುಚ್ಚುವುದರಲ್ಲಿ ಅವನು ನಿಸ್ಸೀಮ.

‘ನಮ್ ಕುರಿ ಬೇರೇರ ಹೊಲಕ್ಕೆ ನುಗ್ಗಿದ್ರೆ ಹಿಡಿದು ಕಟ್ಟಾಕ್ತಾರೆ. ಆದ ನಷ್ಟ ತುಂಬಿಕೊಟ್ಟು ಬಿಡಿಸ್ಕಂಡ್ ಬರ್ಬೇಕು’ ಎಂದಳು ಹೊಂಬಾಳಮ್ಮ. ‘ಇದೂ ಹಂಗೇಯ.’

ಯಾರೋ ಒಬ್ಬ ತನ್ನ ಸೈಕಲ್ಲನ್ನು ಹಿಂದಕ್ಕೆ ಎಳೆದುಕೊಂಡ. ಹೊಂಬಾಳಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕುಮುದಾಳ ಕೈಯಿಂದ ನನ್ನನ್ನು ಕಿತ್ತುಕೊಂಡಳು. ‘ಇದು ನಮ್ ರೊಪ್ಪದಲ್ಲಿರ್ಲಿ. ಕುಂಟೆ ಕೆಸರು ತೆಗೀಬೇಕು. ಮುಂದಿನ ದೊಡ್ ಮಳೇಗೆ ನೀರು ತಿಳಿಯಾಗಿ ಬಂದ್ರೆ ಗುಡ್ಡ ನಿಮ್ದು. ಇಲ್ದಿದ್ರೆ ಆ ದಾರೀಗೆ ಮುಳ್ ಕಡಿದ್ ಹಾಕಿಸ್ತೀನಿ.’

ಹೀಗೆ ನಾನು ಜಪ್ತಿಯಾದೆ. ಕುಮುದಾ ಪ್ರತಿ ಭಾನುವಾರ ರೊಪ್ಪಕ್ಕೆ ಬಂದು, ನನ್ನನ್ನು ಕೇಳಿ ಪಡೆದು, ಕೆಸರು ತೆಗೆದು, ತಗ್ಗು ತೋಡಿ, ಸಂಜೆಗೆ ವಾಪಸು ಒಪ್ಪಿಸಿ ಹೋಗುತ್ತಿದ್ದಳು. ಉದ್ಘಾಟನೆಗೆಂದು ಬಳಗದ ಟೀಶರ್ಟು ಹಾಕಿಕೊಂಡು ಬಂದಿದ್ದ ಅಷ್ಟೂ ಜನರಲ್ಲಿ ಮೊದಲ ವಾರ ಇಬ್ಬರು ಬಂದರು. ಎರಡನೆಯ ವಾರ ‘ಬೆಸ್ಟ್ ಆಫ್ ಲಕ್ ಅಕ್ಕ’ ಎಂಬ ಸಂದೇಶಗಳಷ್ಟೇ ಬಂದವು.

ಆಮೇಲೊಂದು ದಿನ ಜಯಸಿಂಹ ಬಂದ. ತಾನೇ ಒಂದು ಬಾಂಡ್ಲಿ ಹೊತ್ತು ತಂದಿದ್ದ. ಹೊಂಬಾಳಮ್ಮನ ಎದುರು ತಲೆ ತಗ್ಗಿಸಿ ನಿಂತು, ‘ಅಮ್ಮ, ಆ ತಗ್ಗು ಮುಚ್ಚಿದ್ದು ನಾನು. ಅಕ್ಕಂದು ಏನೂ ತಪ್ಪಿಲ್ಲ’ ಎಂದ.

‘ಗೊತ್ತಪ್ಪ. ಅವತ್ತು ನಿನ್ ಕೇಳ್ದೋಳು ನಾನೇ ಅಲ್ವಾ.’

ಕುಮುದಾ ನನ್ನನ್ನು ನೆಲಕ್ಕೆ ಊರಿ ಸೆಟೆದು ನಿಂತಳು. ‘ನೀವು ಅಲ್ಲೇ ಇದ್ರಾ? ಮತ್ತೆ ಅವ್ರಿಗೆ ಬೇಡ ಅಂತ ಯಾಕೆ ಹೇಳ್ಲಿಲ್ಲಮ್ಮ?’

‘ಅಜ್ಜಿ ಅಂದ ಕಣವ್ವ’ ಎಂದಳು ಹೊಂಬಾಳಮ್ಮ. ‘ಒಂದ್ಸಲ ಅಲ್ಲ, ಮಾತ್ ಮಾತಿಗೂ ಅಜ್ಜಿ. ಕ್ವಾಪ ಬಂತು. ನಂದೂ ತಪ್ಪೇಯ ಬಿಡು. ಬಾಯ್ಬಿಟ್ಟಿದ್ರೆ ನನ್ ಕುರಿ ನೀರಿಗೆ ಅಲೀತಿರ್ಲಿಲ್ಲ.’

ಕುಮುದಾ ಇಬ್ಬರನ್ನೂ ಒಂದು ಕ್ಷಣ ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ನನ್ನನ್ನು ಎತ್ತಿ ಕೆಸರಿಗೆ ಒಂದೇಟು ಹಾಕಿದಳು ನೋಡಿ, ಅಂಥ ಏಟು ನಾನು ಅದುವರೆಗೆ ಹಾಕಿರಲಿಲ್ಲ. ಅಂದಿನಿಂದ ಜಯಸಿಂಹ ತಪ್ಪದೆ ಬಂದ. ಸೊಂಟ ಹಿಡಿಯಿತೆಂದು ದಿನವಿಡೀ ಗೊಣಗುತ್ತಲೇ ಬಾಂಡ್ಲಿ ಹೊತ್ತ.

ಕುಂಟೆ ತಿಳಿಯಾಯಿತು, ತಗ್ಗುಗಳು ಮತ್ತೆ ತಯಾರಾದವು. ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಮಳೆ ಹೊಡೆಯತೊಡಗಿತು. ಕುಮುದಾ ಅಂಗಡಿಯ ಬಾಗಿಲು ಎಳೆದು, ನೆನೆದುಕೊಂಡೇ ಸೈಕಲ್ ತುಳಿದು ಬಂದಳು. ಕುಂಟೆಯ ಪಕ್ಕದಲ್ಲೇ ರೊಪ್ಪ, ನನಗೆ ಎಲ್ಲ ಕಾಣುತ್ತಿತ್ತು. ಕಂಬಳಿಯನ್ನು ತಲೆಯ ಮೇಲಿಂದ ಗೊಪ್ಪೆ ಹಾಕಿಕೊಂಡ ಹೊಂಬಾಳಮ್ಮ ಮತ್ತು ತೊಯ್ದು ತೊಪ್ಪೆಯಾದ ಕುಮುದಾ ಏರಿಯ ಮೇಲೆ ಅಕ್ಕಪಕ್ಕ ನಿಂತರು. ಗುಡ್ಡದ ನೀರು ಪೊದೆಗಳ ಸಂದಿಯಿಂದ ನಿಧಾನವಾಗಿ ಸೋಸಿಕೊಂಡು ಇಳಿಯಿತು. ಮಳೆ ನಿಂತ ಮೇಲೆ ಹೊಂಬಾಳಮ್ಮ ರೊಪ್ಪದ ಬಾಗಿಲು ತೆಗೆದಳು. ಎಲ್ಲಕ್ಕಿಂತ ಮುಂದಿದ್ದ ಕುರಿ ಕುಂಟೆಗಿಳಿದು, ಮೂಗು ತಾಗಿಸಿ, ಒಂದು ಗಳಿಗೆ ಸುಮ್ಮನಿದ್ದು, ಕುಡಿಯತೊಡಗಿತು. ಅದರ ಹಿಂದೆ ಉಳಿದವೂ ನುಗ್ಗಿದವು.

ಕುಮುದಾ ಅಲ್ಲೇ ಏರಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ನನಗೂ ಅಳು ಬರುವಂತಿದ್ದರೆ ಅಂದು ಅಳುತ್ತಿದ್ದೆ.

‘ಎದ್ದೇಳವ್ವ’ ಎಂದಳು ಹೊಂಬಾಳಮ್ಮ. ‘ಸೈಕಲ್ ಹತ್ತು. ನಿನ್ ಗುಡ್ಡ ನಿನ್ಗೆ. ಗುದ್ಲೀನೂ ತಗೊಂಡ್ಹೋಗು.’

ಕುಮುದಾ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದಳು. ‘ಬೇಡಮ್ಮ, ಅದು ನಿಮ್ಮ ಹತ್ರಾನೇ ಇರ್ಲಿ. ನನ್ನ ಹತ್ರ ಇದ್ರೆ ಮತ್ತೆ ಜಯಸಿಂಹನ ಕೈಗೆ ಹೋಗುತ್ತೆ.’

ಹೀಗಾಗಿ ನಾನು ರೊಪ್ಪದಲ್ಲೇ ಮುದುಕನಾದೆ. ಅಲಗು ಸವೆದು ಅಂಗೈಯಷ್ಟಾಗಿದೆ, ಕಾವು ಎರಡು ಸಲ ಬದಲಾಗಿದೆ. ಬಳಗದವರು ಇನ್ನೂ ಬರುತ್ತಾರೆ, ಇನ್ನೂ ನನ್ನನ್ನು ಸಲಿಕೆ ಎನ್ನುತ್ತಾರೆ, ಇನ್ನೂ ಇಡ್ಲಿಗೆ ಓಡುತ್ತಾರೆ. ನನಗೆ ಇನ್ನೂ ಸಿಟ್ಟು ಬರುತ್ತದೆ. ಆದರೆ ಗುಡ್ಡದ ಮಣ್ಣು ಮುಟ್ಟುವವರು ಯಾರೇ ಆಗಲಿ, ಮೊದಲು ಈ ರೊಪ್ಪಕ್ಕೆ ಬಂದು ನನ್ನನ್ನು ಕೇಳಿ ಪಡೆಯಬೇಕು. ಹೊಂಬಾಳಮ್ಮ ಗೂಟದಿಂದ ನನ್ನನ್ನು ಇಳಿಸುವ ಮೊದಲು ಬಂದವರ ಮುಖ ನೋಡಿ, ಅವರು ಡಾಕ್ಟರಾಗಲಿ ಇಂಜಿನಿಯರಾಗಲಿ, ಒಂದೇ ಪ್ರಶ್ನೆ ಕೇಳುತ್ತಾಳೆ:

‘ತೋಡಾಕೋ, ಮುಚ್ಚಾಕೋ?’