ಬಾಗಿಲ ಮಾತು

"ಚಿಕ್ಕಮ್ಮ ಎಲ್ಲೇ?"

"ಬಸ್ಸಲ್ಲಿ."

ಮಗಳು ತಲೆ ಎತ್ತದೆ ಹೇಳಿದಳು. ನೆಲದ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಊರಿನ ನೀರಿನ ಕೊಳವೆಗಳ ನಕ್ಷೆ ಬಿಡಿಸುತ್ತಿದ್ದಳು. ಯಾವ ಬೀದಿಯ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ತಿರುಪು ಬಿಗಿದರೆ ಯಾರ ಮನೆಯ ನಲ್ಲಿ ಒಣಗುತ್ತದೆ ಎನ್ನುವುದು ನೀರು ಬಿಡುವವನಿಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಬೇರೆ ಹುಚ್ಚು ಸಿಗಲಿಲ್ಲವೇ ಎಂದು ನೆಂಟರು ನಗುತ್ತಿದ್ದರು. ನಲ್ಲಿ ನಿಂತಾಗ ಮಾತ್ರ ಅವಳಿಗೇ ಫೋನು ಮಾಡುತ್ತಿದ್ದರು.

ತಾಯಿ ಕೇಕಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಹೊಸ ಅಂಗಡಿಯ ಕೀಲಿಕೈ ಇಟ್ಟಳು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಅಂಚು ಕೂರಿಸಿ, ಬೆರಳ ತುದಿಯೆಲ್ಲ ಒರಟಾದ ಮೇಲೆ ಇವತ್ತು ಮಾಲೀಕರು ಕರೆದು, "ಹೊಸ ಅಂಗಡಿ ಇನ್ನು ನಿಮ್ಮದೇ ಜವಾಬ್ದಾರಿ. ನಾನು ತಲೆ ಹಾಕಲ್ಲ" ಎಂದು ಈ ಕೀಲಿಕೈ ಕೊಟ್ಟಿದ್ದರು.

"ಯಾವ ಬಸ್ಸಲ್ಲಿ? ಮತ್ತೆ ಹಲ್ಲಿನ ಡಾಕ್ಟರ ಹತ್ರ ಹೋದ್ಲಾ? ಯಾವಾಗ ಬರ್ತಾಳಂತೆ?"

ಒಂದರ ಬೆನ್ನಿಗೊಂದು ಪ್ರಶ್ನೆ ಕೇಳಿದರೆ ಮಗಳು ಕೊನೆಯದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ.

"ಬರಲ್ಲ. ಹೋಗ್ತೀನಿ ಅಂದ್ಲು."

ತಾಯಿ ಕುರ್ಚಿಯ ಅಂಚಿಗೆ ಕೂತಳು. ಬೇರೆ ಮನೆಯಲ್ಲಾಗಿದ್ದರೆ ಈ ಮಾತಿಗೆ ತೂಕವಿರುತ್ತಿರಲಿಲ್ಲ. ಈ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ.

ಹೊರಟವರು "ಬರ್ತೀನಿ" ಎನ್ನುವುದು ಮಾತಿನ ಮರ್ಯಾದೆ. ಹಾಲಿನವನು ಬರ್ತೀನಿ ಎಂದು ಹೋಗುತ್ತಾನೆ, ಒಮ್ಮೆ ಬಂದು ಮತ್ತೆಂದೂ ಮುಖ ತೋರಿಸದ ನೆಂಟನೂ ಬರ್ತೀನಿ ಎಂದೇ ಹೋಗುತ್ತಾನೆ. ಯಾರೂ ಅದನ್ನು ಲೆಕ್ಕಕ್ಕಿಡುವುದಿಲ್ಲ. ಈ ಮಗಳೊಬ್ಬಳೇ ಇಟ್ಟಳು. ಐದು ವರ್ಷದವಳಿದ್ದಾಗ ಅಪ್ಪ ಆಸ್ಪತ್ರೆಗೆ ಹೊರಟು, ಅವಳ ಕೆನ್ನೆ ತಟ್ಟಿ, "ಬರ್ತೀನಿ ಪುಟ್ಟಾ" ಎಂದಿದ್ದ. ಅವನ ಹೆಣ ಬಂತು. ಹೆಣವನ್ನು ಮಗು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊಸ್ತಿಲ ಮೇಲೆ ಕೂತು ಊಟ, ಹೊಸ್ತಿಲ ಮೇಲೇ ನಿದ್ದೆ. ಎಬ್ಬಿಸಲು ಹೋದರೆ ಕಿರುಚಾಟ. "ಬರ್ತೀನಿ ಅಂದಿದಾನೆ" ಎನ್ನುವುದೊಂದೇ ಅವಳ ವಾದ. ಹಾಲಿನವನಿಗೂ, ಬಂದುಹೋದ ಎಲ್ಲರಿಗೂ ಅವಳು ಹಾಗೆಯೇ ಕಾಯುತ್ತಿದ್ದಳು ಎನ್ನುವುದು ಆಗ ತಿಳಿಯಿತು. ಆಸ್ಪರ್ಜರ್ ಎಂಬ ಹೆಸರನ್ನು ಡಾಕ್ಟರು ಆಮೇಲೆ ಹೇಳಿದರು. "ಇವಳು ಮಾತನ್ನ ಮಾತಾಗೇ ತಗೊಳ್ತಾಳೆ. ನಾವು ಏನೋ ಒಂದು ಅಂತೀವಲ್ಲ, ಅದು ಇವಳಿಗಾಗಲ್ಲ" ಎಂದಿದ್ದರು.

ಆಗ ಎರಡು ವಾರ ಇದ್ದುಹೋಗಲು ಚೀಲ ಹಿಡಿದು ಬಂದಿದ್ದ ತಾಯಿಯ ತಂಗಿಯೇ ದಾರಿ ಹುಡುಕಿದ್ದು. ಮಲಗುವುದರೊಳಗೆ ವಾಪಸು ಬರುವುದಾದರೆ "ಬರ್ತೀನಿ". ಇಲ್ಲವಾದರೆ "ಹೋಗ್ತೀನಿ". ಬಾಗಿಲಲ್ಲಿ ಈ ಎರಡೇ ಮಾತು, ತಪ್ಪಬಾರದು. ಬಾಗಿಲ ಮಾತು ಎಂದು ಅದಕ್ಕೆ ಹೆಸರಿಟ್ಟಳು. ಮಗುವೂ ತನ್ನದೊಂದು ಸೇರಿಸಿತು. ಬರ್ತೀನಿ ಎಂದವರು ಮನೆಯೊಳಗೆ ಮೆಟ್ಟುವ ಬಟ್ಟೆಯ ಚಪ್ಪಲಿಯನ್ನು ಬಾಗಿಲ ಬಳಿ, ಬಂದೊಡನೆ ಕಾಲು ತೂರಿಸುವ ಹಾಗೆ ಇಡುವುದು. ಹೋಗ್ತೀನಿ ಎಂದವರದನ್ನು ಮರದ ಪೆಟ್ಟಿಗೆಯೊಳಗೆ ಹಾಕುವುದು. ಪಕ್ಕದ ಮನೆಯ ಅಜ್ಜಿಗೆ ಈ ವ್ಯವಹಾರ ಹಿಡಿಸಲೇ ಇಲ್ಲ. "ಬಿಡ್ತು ಅನ್ನಮ್ಮ, ಹೋಗ್ತೀನಿ ಅನ್ನಬಾರದು, ಕೆಟ್ಟದ್ದು" ಎಂದು ತಲೆ ಸವರಲು ಬಂದರೆ, ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, "ನೀವು ಮೊನ್ನೆ ಬರ್ತೀನಿ ಅಂತ ಹೋದ್ರಿ. ಇವತ್ತು ಬಂದಿದೀರಿ. ಎಲ್ಲಿದ್ರಿ?" ಎಂದು ಕೇಳಿದ್ದಳು. ಲಾಯರಮ್ಮ ಎಂಬ ಹೆಸರು ಅವಳಿಗೆ ಅಂಟಿದ್ದು ಆವತ್ತೇ. ಎರಡು ವಾರಕ್ಕೆ ಬಂದ ತಂಗಿ ಒಂಬತ್ತು ವರ್ಷ ಉಳಿದಳು.

ತಾಯಿ ಎದ್ದು ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ತಂಗಿಯ ನೀಲಿ ಬಟ್ಟೆ ಚಪ್ಪಲಿ ಒಂದರ ಮೇಲೊಂದು ಮಲಗಿತ್ತು.

"ಎಲ್ಲಿಗೆ ಹೋದ್ಲು?" ಈಗ ಒಂದೇ ಪ್ರಶ್ನೆ ಕೇಳಿದಳು.

"ಮಕ್ಕಳು ಅಲ್ಲೇ ಉಳ್ಕೊಳ್ಳೋ ಸ್ಕೂಲಿಗೆ. ನನ್ನಂಥ ಮಕ್ಕಳು. ಚಿಕ್ಕಮ್ಮಂಗೆ ಅಲ್ಲಿ ಕೆಲಸ, ಅಲ್ಲೇ ಮನೆ. ನಾಳೆಯಿಂದ ಶುರು."

"ಯಾವಾಗ ಹೇಳಿದ್ಲು ನಿಂಗೆ?"

"ಗುರುವಾರ."

ಗುರುವಾರವೆಂದರೆ ನಾಲ್ಕು ದಿನದ ಹಿಂದೆ. ನಡುವೆ ಶನಿವಾರವಿತ್ತು. ಆ ಶನಿವಾರ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ಹೊಸ ಅಂಗಡಿ ಎಂದರೆ ಸಂಜೆ ತಡವಾಗುತ್ತದೆ, ಮಗಳನ್ನು ಬಿಟ್ಟು ಹೇಗೆ ಒಪ್ಪಿಕೊಳ್ಳಲಿ ಎಂದು ತಾಯಿ ತೊಳಲಾಡುತ್ತಿದ್ದಾಗ, ಇದೇ ತಂಗಿ ಒರೆಸುವ ಬಟ್ಟೆಯಿಂದ ಅವಳ ಭುಜಕ್ಕೆ ಹಗುರವಾಗಿ ಹೊಡೆದು, "ಒಪ್ಕೋ ಅಕ್ಕ. ನಾನಿದ್ದೀನಲ್ಲ" ಎಂದಿದ್ದಳು.

ಒಂದೊಂದಾಗಿ ನೆನಪಾಯಿತು. ಹಲ್ಲು ನೋವೆಂದು ತಂಗಿ ಎರಡು ಸಲ ಇಡೀ ದಿನ ಹೊರಗೆ ಹೋಗಿದ್ದಳು. ಎರಡನೆಯ ಸಲದ ಸಂಜೆ ಊಟಕ್ಕೆ ಕೂತಾಗ ಮಗಳು, "ಚಿಕ್ಕಮ್ಮನ ಹಲ್ಲು ಚೆನ್ನಾಗಿದೆ. ಎರಡೂ ಕಡೆ ಅಗೀತಿದಾಳೆ" ಎಂದಿದ್ದಳು. ತಾಯಿಯೇ ಜೋರಾಗಿ ನಕ್ಕು, "ಲಾಯರಮ್ಮ, ಊಟ ಮಾಡು" ಎಂದು ಗದರಿದ್ದಳು. ತಂಗಿ ನಕ್ಕಿರಲಿಲ್ಲ. ಊರಿಗೆಲ್ಲ ಕಣ್ಣು ಕೂರಿಸಿ ಕೊಡುವವಳಿಗೆ ತನ್ನ ಊಟದ ಮೇಜಿನ ಮೇಲಿದ್ದದ್ದು ಕಂಡಿರಲಿಲ್ಲ.

"ನಿನ್ನನ್ನ ಒಬ್ಬಳನ್ನೇ ಬಿಟ್ಟು ಹೋಗೋದಕ್ಕೆ ಅವಳಿಗೆ ಮನಸ್ಸಾದ್ರೂ ಹೇಗೆ ಬಂತು?"

"ಅಭ್ಯಾಸ ಮಾಡಿಸಿದ್ಲು," ಎಂದಳು ಮಗಳು. "ಮೊದಲನೇ ದಿನ ನಾನು ಒಳಗೆ, ಚಿಕ್ಕಮ್ಮ ಮೆಟ್ಟಿಲ ಮೇಲೆ. ಆಮೇಲೆ ಗೇಟಿನ ಹತ್ರ. ನಿನ್ನೆ ಬೀದಿ ತುದಿ. ಇವತ್ತು ಬಸ್ಸು. ನಂಗೆ ಭಯ ಆಗ್ಲಿಲ್ಲ."

ತಾಯಿಗೆ ಎದೆ ಉರಿದದ್ದು ಇಲ್ಲಿ. ಯಾವ ಬದಲಾವಣೆಯನ್ನೂ ಈ ಹುಡುಗಿಯ ಮೇಲೆ ಒಮ್ಮೆಲೇ ಎಸೆಯಬಾರದು, ಮೊದಲೇ ಹೇಳಿ, ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಬೇಕು ಎಂದು ಡಾಕ್ಟರು ಕಲಿಸಿದ್ದರು. ತಂಗಿ ಚಾಚೂ ತಪ್ಪದೆ ಹಾಗೆಯೇ ಮಾಡಿದ್ದಳು. ಮಗಳನ್ನು ಮೆಟ್ಟಿಲಿಂದ ಗೇಟಿಗೆ, ಗೇಟಿನಿಂದ ಬೀದಿಗೆ ಎಂದು ಕೈಹಿಡಿದು ದಾಟಿಸಿದ್ದಳು. ಒಡಹುಟ್ಟಿದ ಅಕ್ಕನನ್ನು ಮಾತ್ರ ನಡುನೀರಿನಲ್ಲಿ ಬಿಟ್ಟಿದ್ದಳು.

ಫೋನು ಮಾಡಿದರೆ ತಂಗಿ ತಕ್ಷಣ ಎತ್ತಿದಳು. ಕಾಯುತ್ತಲೇ ಇದ್ದಿರಬೇಕು. ಹಿಂದೆ ಬಸ್ಸಿನ ಸದ್ದು.

"ಅಕ್ಕ, ಅವಳು ಊಟ ಮಾಡಿದ್ಲಾ?"

"ಅದನ್ನ ಕೇಳೋ ಬಾಯಿ ನಿಂಗಿನ್ನೂ ಇದೆಯಾ?"

"ಬೈಯಿ. ಬೈಸ್ಕೊಳ್ಳೋಕೇ ಎತ್ತಿದೀನಿ."

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ನೀನು ಅಳ್ತಿದ್ದೆ. ನೀನು ಅತ್ರೆ ನಾನು ಚೀಲ ಬಿಚ್ಚಿಡ್ತಿದ್ದೆ. ಹೋದ ಸಲಾನೂ ಅದೇ ಆಯ್ತು, ಅದರ ಹಿಂದಿನ ಸಲಾನೂ ಅದೇ ಆಯ್ತು. ನಂಗೂ ಮೂವತ್ತಾರಾಯ್ತು ಅಕ್ಕ."

ಅದು ಸುಳ್ಳಲ್ಲ. ಸುಳ್ಳಲ್ಲ ಎನ್ನುವುದೇ ತಾಯಿಯ ಸಿಟ್ಟನ್ನು ಇನ್ನಷ್ಟು ಏರಿಸಿತು. "ಹೋಗ್ಬೇಡ ಅಂತ ಕಟ್ಟಿ ಹಾಕಿದ್ನಾ? ಹೋಗೋದಿತ್ತು, ಹೋಗು. ಶನಿವಾರ ಒಪ್ಕೋ ಅಂತ ಯಾಕೆ ಅಂದೆ? ನಾನಿದ್ದೀನಲ್ಲ ಅಂತ ಯಾವ ಬಾಯಲ್ಲಿ ಅಂದೆ?"

ಬಸ್ಸು ಎಲ್ಲೋ ನಿಂತು ಮತ್ತೆ ಹೊರಟಿತು.

"ನೀನು ಒಪ್ಕೊಂಡ್ರೆ ನಿಂಗೂ ಒಂದು ದಾರಿ ಆಯ್ತು ಅನ್ನೋ ಸಮಾಧಾನ," ಎಂದಳು ತಂಗಿ. "ಅದಿಲ್ದೆ ನಂಗೆ ಹೊರಡೋ ಧೈರ್ಯ ಬರ್ತಿರ್ಲಿಲ್ಲ."

"ನಿನ್ನ ಸಮಾಧಾನಕ್ಕೆ ನನ್ನ ಬಾಯಿಂದ ಹೂಂ ಅನ್ನಿಸಿದೆ. ನನ್ನ ಮಗಳ ಮೇಲೆ ಕೈ ಪಳಗಿಸ್ಕೊಂಡು ಈಗ ಊರವರ ಮಕ್ಕಳನ್ನ ಸಾಕೋಕೆ ಹೊರಟೆ. ನಂಬಿಸಿ ಕುತ್ತಿಗೆ ಕೊಯ್ಯೋದು ಅಂದ್ರೆ ಇದೇ."

ತಂಗಿ ಅಳುತ್ತಲೇ, ಮಗಳಿಗೂ ಕೇಳುವಷ್ಟು ಜೋರಾಗಿ ಹೇಳಿದಳು. "ತಿಂಗಳಿಗೊಂದ್ಸಲ ಬಂದು ಹೋಗ್ತೀನಿ ಅಕ್ಕ. ಆಣೆ ಮಾಡಿ ಹೇಳ್ತೀನಿ. ಲಾಯರಮ್ಮಂಗೆ ಕೊಡು ಫೋನು, ಒಂದೇ ಒಂದ್ಸಲ."

ತಾಯಿ ಫೋನನ್ನು ಮಗಳ ಕಡೆ ಚಾಚಿದಳು. ಮಗಳು ಕೈ ನೀಡಲಿಲ್ಲ.

"ಚಿಕ್ಕಮ್ಮ ಹೋಗ್ತೀನಿ ಅಂತ ಹೇಳಿ ಆಯ್ತಲ್ಲ," ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಹೇಳಾದ ಮೇಲೆ ಮತ್ತೆ ಯಾಕೆ? ಬಂದು ಹೋಗ್ತೀನಿ ಅಂತ ಎರಡೂ ಒಟ್ಟಿಗೆ ಹೇಳೋ ಹಾಗಿಲ್ಲ. ಅವಳೇ ಮಾಡಿದ್ದು ಆ ನಿಯಮ."

ಆ ಕಡೆ ಅಳು ಗಟ್ಟಿಯಾಯಿತು. ಆಮೇಲೆ ಲೈನು ಕಡಿಯಿತು.

ಕೇಕಿನ ಡಬ್ಬಿ ಮೇಜಿನ ಮೇಲೆ ದಾರ ಬಿಚ್ಚದೆ ಕೂತಿತ್ತು. ಮೂವರಿಗೆಂದು ತಂದದ್ದು. ಹೊಸ ಅಂಗಡಿಗೆ ಹೆಸರು ಬರೆಯುವವನು ಬೆಳಿಗ್ಗೆಯೇ ಬರುತ್ತಾನೆ, ಏನಿದ್ದರೂ ಅಷ್ಟರೊಳಗೆ ಹೇಳಿ ಎಂದಿದ್ದರು ಮಾಲೀಕರು. ಇನ್ನು ಹೇಳುವುದಕ್ಕೆ ಏನು ಉಳಿದಿತ್ತು? ದಿನಾ ಸಂಜೆ ಒಬ್ಬಳೇ ಬಾಗಿಲು ಹಾಕಿಕೊಂಡು ಕೂರುವ ಹುಡುಗಿಯಲ್ಲ ಇವಳು. ನಾಲ್ಕು ದಿನದ ಅಭ್ಯಾಸ, ಎರಡು ಗಂಟೆಯ ಧೈರ್ಯ. ಒಂದು ದಿನ ಕರೆಂಟು ಹೋದರೆ, ಬೀದಿಯಲ್ಲಿ ಯಾರಾದರೂ ಪಟಪಟ ಸದ್ದು ಮಾಡಿದರೆ, ಇವಳು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾಳೆ. ಹೊರಗೆ ಕರೆಯಲು ಗೊತ್ತಿದ್ದವಳು ಈಗ ಬಸ್ಸಿನಲ್ಲಿದ್ದಾಳೆ.

ಮಗಳು ಮತ್ತೆ ಪೆನ್ಸಿಲು ಹಿಡಿದು ಕೊಳವೆಯ ಗೆರೆ ಎಳೆಯತೊಡಗಿದಳು. ಆ ನಿಶ್ಚಿಂತೆ ನೋಡಿ ತಾಯಿಗೆ ತಡೆಯಲಾಗಲಿಲ್ಲ.

"ನಿಂಗೆ ಗುರುವಾರದಿಂದ ಗೊತ್ತಿತ್ತು. ಹೆತ್ತ ತಾಯಿ ಎದುರಿಗೇ ಇದ್ದೆ. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅಮ್ಮ ಕೇಳಿದ್ರೆ ಹೇಳು ಅಂದಿದ್ಲು ಚಿಕ್ಕಮ್ಮ. ನೀನು ಕೇಳ್ಲಿಲ್ಲ."

ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ತಂಗಿಗೆ. ಈ ಮನೆಯಲ್ಲಿ ಲಾಯರಮ್ಮನ ಮಾತಿಗೆ ನಗುತ್ತಾರೆ, ಅವಳನ್ನು ಯಾರೂ ಏನೂ ಕೇಳುವುದಿಲ್ಲ ಎನ್ನುವ ಧೈರ್ಯದ ಮೇಲೇ ಗುಟ್ಟನ್ನು ಅವಳ ಕೈಯಲ್ಲಿ ಬಹಿರಂಗವಾಗಿ ಇಟ್ಟುಹೋಗಿದ್ದಳು.

"ಹೌದಮ್ಮ, ತಪ್ಪೆಲ್ಲ ನಂದೇ," ಎಂದಳು ತಾಯಿ. ದನಿ ಏರುತ್ತಿದ್ದದ್ದು ತನಗೇ ಕೇಳುತ್ತಿತ್ತು, ನಿಲ್ಲಿಸಲಾಗಲಿಲ್ಲ. "ನಿಮ್ಮಪ್ಪ ಹೋದ್ರು, ಅವಳೂ ಹೋದ್ಲು. ನಾನೂ ಒಂದಿನ ಎಲ್ಲ ಬಿಟ್ಟು ಹೋಗ್ತೀನಿ, ಆಗ ಗೊತ್ತಾಗುತ್ತೆ ನಿಂಗೆ."

ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ದಿನಕ್ಕೊಮ್ಮೆ ಆಡಿ ಮರೆಯುವ ಮಾತು. ಇಲ್ಲಿ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಯಾರೂ ಆಡಿರಲಿಲ್ಲ.

ಪೆನ್ಸಿಲು ನಿಂತಿತು. ಮಗಳು ಹಾಳೆಯನ್ನು ಅರ್ಧಕ್ಕೆ ಮಡಚಿದಳು, ಇನ್ನೊಮ್ಮೆ ಮಡಚಿದಳು, ಅದು ಇನ್ನು ಮಡಚಲಾರದಷ್ಟು ದಪ್ಪವಾಗುವ ತನಕ ಮಡಚಿದಳು.

"ಯಾವತ್ತು?"

"ಏನು ಯಾವತ್ತು?"

"ನೀನು ಹೋಗೋದು."

"ಇಲ್ಲ ಕಣೇ. ಕೋಪಕ್ಕೆ ಅಂದೆ."

"ಬಾಗಿಲ ಮಾತಲ್ಲಿ ಕೋಪಕ್ಕೆ ಅಂತ ಒಂದಿಲ್ಲ." ಮಗಳು ತಾಯಿಯ ಮುಖ ನೋಡಲಿಲ್ಲ, ಅವಳ ಪಾದ ನೋಡುತ್ತಿದ್ದಳು. "ಚಿಕ್ಕಮ್ಮ ನಾಲ್ಕು ದಿನ ಮೊದಲು ಹೇಳಿದ್ಲು. ನೀನೂ ನಾಲ್ಕು ದಿನ ಮೊದಲು ಹೇಳ್ಬೇಕು. ಅಡುಗೆ ಮಾಡೋದು ನಂಗೆ ಇನ್ನೂ ಬರಲ್ಲ. ಅದಕ್ಕೆ ಇನ್ನೂ ಜಾಸ್ತಿ ದಿನ ಬೇಕು."

ತಾಯಿ ಅವಳ ಪಕ್ಕ ನೆಲದ ಮೇಲೆ ಕೂತಳು. ಮುಟ್ಟಿದರೆ ಆಗುವುದಿಲ್ಲವೆಂದು ಕೈಯನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. "ನಾನು ಹೋಗಲ್ಲ," ಎಂದಳು. "ಎಲ್ಲೂ ಹೋಗಲ್ಲ. ನಾನಿದ್ದೀನಲ್ಲ." ಆಡಿದ ಮೇಲೆ ಅದು ಯಾರ ಮಾತೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಆ ಮಾತಿಗೆ ಮಗಳಲ್ಲಿ ನಿಯಮವಿರಲಿಲ್ಲ.

ಬೆಳಕಿರುವಾಗಲೇ ಹೋಗಿ ಬರಬೇಕಿತ್ತು. ಮಾಲೀಕರ ಮನೆ ಮುಂದಿನ ಬೀದಿಯಲ್ಲೇ ಇತ್ತು. ಫೋನಿನಲ್ಲಿ ಹೇಳಿಬಿಡಬಹುದು, ಆದರೆ ಕೀಲಿಕೈಯನ್ನು ಫೋನಿನಲ್ಲಿ ವಾಪಸು ಕೊಡಲಾಗುವುದಿಲ್ಲ. ತಾಯಿ ಮುಖ ತೊಳೆದುಕೊಂಡು ಮೇಜಿನ ಮೇಲಿಂದ ಕೀಲಿಕೈ ಎತ್ತಿಕೊಂಡಳು. ಮನೆಯೊಳಗಿನ ಚಪ್ಪಲಿ ಬಿಟ್ಟು ಹೊರಗಿನದನ್ನು ಮೆಟ್ಟಿದಳು. ಮಗಳು ಎದ್ದು ಹಿಂದೆ ಬಂದಳು, ದಿನಾ ಬರುವ ಹಾಗೆ.

ಹೊಸ್ತಿಲಲ್ಲಿ ತಾಯಿ ನಿಂತಳು. ಸಾವಿರ ಸಲ ಆಡಿದ ಮಾತು.

"ಬರ್ತೀನಿ," ಎಂದಳು.

ದಿನಾ ಆದರೆ ಮಗಳು "ಬಾ" ಎಂದು, ಬಗ್ಗಿ ಚಪ್ಪಲಿ ಜೋಡಿಸಿ, ಬಾಗಿಲು ಹಾಕಿಕೊಂಡುಬಿಡುತ್ತಿದ್ದಳು. ತಿರುಗಿ ನೋಡಲೂ ನೋಡುತ್ತಿರಲಿಲ್ಲ. ಆ ನಂಬಿಕೆ ಎಷ್ಟೋ ದಿನ ತಾಯಿಗೆ ಭಾರವೆನಿಸಿದ್ದೂ ಉಂಟು.

ಗೇಟಿನ ಚಿಲಕ ತೆಗೆದವಳು ಬಾಗಿಲು ಹಾಕಿದ ಸದ್ದು ಕೇಳಲಿಲ್ಲವಲ್ಲ ಎಂದು ಹಿಂದಿರುಗಿ ನೋಡಿದಳು. ಬಾಗಿಲು ತೆರೆದೇ ಇತ್ತು. ಮಗಳು ಹೊಸ್ತಿಲ ಒಳಗೆ ನಿಂತಿದ್ದಳು. ಪಕ್ಕದಲ್ಲಿ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ತಾಯಿಯ ಬಟ್ಟೆ ಚಪ್ಪಲಿ ಅವಳ ಎರಡು ಕೈಗಳಲ್ಲಿತ್ತು. ಅವಳು ಅದನ್ನು ಕೆಳಗೂ ಇಡದೆ, ಪೆಟ್ಟಿಗೆಗೂ ಹಾಕದೆ, ಹಿಡಿದುಕೊಂಡು ನಿಂತೇ ಇದ್ದಳು.