ಬಣವಿಯ ಮರೆಯ ಗಂಧದ ಗಿಡ

ಕಾಖಂಡಕಿಯ ಈರಯ್ಯ ತನ್ನ ಹೊಲದಲ್ಲಿದ್ದ ಶ್ರೀಗಂಧದ ಗಿಡಗಳನ್ನು ಮುಚ್ಚಿಟ್ಟ. ಗಿಡವನ್ನು ಯಾರಾದರೂ ಮುಚ್ಚಿಡುತ್ತಾರೆಯೇ ಎಂದು ನೀವು ನಗಬಹುದು. ಅವನ ಹೆಂಡತಿ ಶಂಕ್ರೆವ್ವನಿಗೆ ನಗು ಬರಲಿಲ್ಲ, ಮೈ ಉರಿಯಿತು.

ಗಂಧದ ಗಿಡ ಎಣಿಸಲು ವಿಜಯಪುರದಿಂದ ಜನ ಬರುತ್ತಾರೆ ಎಂದು ಪಂಚಾಯಿತಿಯಲ್ಲಿ ಹೇಳಿದ ದಿನವೇ ಈರಯ್ಯನಿಗೆ ಹೆದರಿಕೆ ಹುಟ್ಟಿತ್ತು. ಅವನ ಹೊಲದ ಹಳ್ಳದ ದಂಡೆಗೆ ಮೂರು ದೊಡ್ಡ ಗಂಧದ ಗಿಡಗಳಿದ್ದವು, ಸುತ್ತ ಒಂದಷ್ಟು ಸಸಿ. ಯಾರೂ ನೆಟ್ಟದ್ದಲ್ಲ, ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜದಿಂದ ಹುಟ್ಟಿದ್ದವು. ಆಡು ಬಾಯಿ ಹಾಕದಂತೆ ಜಾಲಿ ಮುಳ್ಳು ಕಟ್ಟಿ ಬೆಳೆಸಿದವಳು ಶಂಕ್ರೆವ್ವ. ಅವಳು ಮದುವೆಯಾಗಿ ಬಂದಾಗ ಮೊಣಕಾಲುದ್ದವಿದ್ದ ಗಿಡಗಳನ್ನು ಈಗ ತಲೆ ಎತ್ತಿ ನೋಡಬೇಕಾಗಿತ್ತು.

“ಬರಸಿದ್ರ ಗಿಡ ಸರಕಾರದ್ದಾಗ್ತೈತಿ. ನಾಳೆ ಒಂದು ಟೊಂಗಿ ಮುರದ್ರೂ ನನ್ನ ಕೈಗೆ ಬೇಡಿ,” ಎಂದ ಈರಯ್ಯ.

“ಯಾರು ಹೇಳ್ಯಾರ?”

“ನಮ್ಮಪ್ಪ ಹೇಳತಿದ್ದ.”

“ಮಾವಾರು ಹೋಗಿ ಎಷ್ಟು ವರ್ಷಾತು! ಎಣಸಾಕ ಬರೂ ಮಂದೀನ್ನ ಕೇಳೂಣಲ್ಲ?”

“ನಿನಗೇನ ತಿಳೀತೈತಿ, ಸುಮ್ಮನ ಕುಂದರಬೇ.”

ಮಾತು ಅಲ್ಲಿಗೇ ಮುಗಿಯಿತು. ಈರಯ್ಯ ಗಾಡಿಗಟ್ಟಲೆ ಜೋಳದ ಒಣ ದಂಟು, ಕಣಕಿ, ತಂದು ಗಿಡಗಳ ಸುತ್ತ ಎತ್ತರದ ಬಣವಿ ಒಟ್ಟಿದ. ರಸ್ತೆಯಿಂದ ನೋಡಿದರೂ ಪಕ್ಕದ ತುಕಾರಾಮನ ಹೊಲದಿಂದ ನೋಡಿದರೂ ಕಣಕಿಯೇ ಕಾಣಬೇಕು, ಹಾಗೆ.

ಎಣಿಸಲು ಬಂದವಳು ಸಂಪದಾ. ನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಹುಡುಗಿ. ಕೈಯಲ್ಲಿ ಅಳತೆಯ ಟೇಪು, ಹೆಗಲಿಗೆ ಚೀಲ.

“ಕಾಕಾರ, ನಿಮ್ಮ ಹೊಲದಾಗ ಗಂಧದ ಗಿಡ ಅದಾವೇನ್ರಿ?”

“ಒಂದೂ ಇಲ್ರಿ ಬಾಯಾರ. ಬರೇ ಜಾಲಿ.”

ಶಂಕ್ರೆವ್ವ ತುಟಿ ಕಚ್ಚಿ ನಿಂತಳು. ಹೊರಗಿನವರ ಮುಂದೆ ಗಂಡನ ಮಾನ ಕಳೆಯಬಾರದೆಂದು ಬಾಯಿ ತೆರೆಯಲಿಲ್ಲ. ಆ ಮಾನ ಮುಂದೆ ಏನು ಮಾಡಿತು, ಕೇಳಿ.

ಆ ವಾರವೇ ಗಂಡ ಹೆಂಡತಿ ತಿಕೋಟಾಕ್ಕೆ ಶಂಕ್ರೆವ್ವನ ತಂಗಿಯ ಬಸುರಿ ಮಗಳ ಕುಬಸಕ್ಕೆ ಹೋದರು. ತಿರುಗಿ ಬಂದು ಬಣವಿಯ ಹಿಂದೆ ನೋಡಿದರೆ ಮೂರು ದೊಡ್ಡ ಗಿಡಗಳಲ್ಲಿ ಒಂದು ಇಲ್ಲ! ನೆಲಕ್ಕೆ ಹತ್ತಿದ ಬೊಡ್ಡೆ, ಸುತ್ತ ಹಸಿ ಮರದ ಹೊಟ್ಟು, ಕಾಲಲ್ಲಿ ತುಳಿದು ಮುರಿದ ಸಸಿಗಳು. ಕೂಗು ಕೇಳಿ ತುಕಾರಾಮ ಓಡಿ ಬಂದ.

“ಹಾಡಹಗಲ ಗರಗಸದ ಸಪ್ಪಳ ಕೇಳೇನೋ ಈರಯ್ಯ. ಬಣವಿ ಅಡ್ಡ ಇತ್ತು, ಮಂದಿ ಕಾಣಲಿಲ್ಲ. ನೀನ ಜಾಲಿ ಕಡಸಾಕತ್ತೀ ಅಂತ ತಿಳದೆ.”

ಶಂಕ್ರೆವ್ವನ ಸಿಟ್ಟು ನೆತ್ತಿಗೇರಿತು. “ಕೇಳಿದ್ರೇನ? ಕಳ್ಳರಿಗೆ ಕೂತು ಕಡ್ಯಾಕ ಮರೆ ಮಾಡಿ ಕೊಟ್ಟೀರಿ! ನಡೀರಿ, ಪೊಲೀಸರಿಗೆ ಹೇಳೂಣ.”

“ಏನಂತ ಹೇಳ್ಲಿ?” ಈರಯ್ಯ ತಲೆ ಎತ್ತಲಿಲ್ಲ. “ಇಲ್ಲ ಅಂದಿದ್ದ ಗಿಡ ಕಳುವಾತು ಅಂತ ಹೇಳ್ಲೇನ?”

ಈರಯ್ಯ ಮನೆಗೆ ಹೋಗಿ ಕೊಡಲಿ ತಂದ. “ಉಳದ ಎರಡೂ ನಾನ ಕಡದು ಯಾರಿಗರೆ ಕೊಟ್ಟಬಿಡ್ತೀನಿ. ಕಳ್ಳರ ಪಾಲಾಗೂದು ಬ್ಯಾಡ.”

“ಇಷ್ಟು ಮಾಡಿದ್ದು ಸಾಲಲಿಲ್ಲೇನ?” ಶಂಕ್ರೆವ್ವ ಕೊಡಲಿ ಕಸಿದುಕೊಂಡು ಮನೆಯೊಳಗಿಟ್ಟು ಕೀಲಿ ಹಾಕಿದಳು. ಮಾನ ಹೋದರೆ ಹೋಗಲಿ ಎಂದು ಸಂಪದಾಳನ್ನು ಹುಡುಕಿಕೊಂಡು ಹೊರಟಳು. ಹಳ್ಳದ ಆಚೆ ಹೊಲಗಳಲ್ಲಿ ಎಣಿಕೆ ಇನ್ನೂ ನಡೆದಿತ್ತು. ಮಾವ ಹೇಳಿದ ಮಾತಿನಿಂದ ಹಿಡಿದು ಎಲ್ಲವನ್ನೂ ಹೇಳಿ ಅವಳನ್ನು ಕರೆತಂದಳು.

ಬೊಡ್ಡೆ ನೋಡಿದ ಸಂಪದಾಳಿಗೂ ಸಿಟ್ಟು ಬಂತು. ಆದರೆ ಸಮಾಧಾನದಿಂದಲೇ ಹೇಳಿದಳು. “ಕಾಕಾರ, ನಿಮ್ಮ ಅಪ್ಪಾರು ಹೇಳಿದ್ದು ಆ ಕಾಲಕ್ಕ ಖರೇನ. ಆವಾಗ ಯಾರ ಹೊಲದಾಗಿದ್ರೂ ಗಂಧ ಸರಕಾರದ್ದ ಇತ್ತು. ಕಾಯ್ದೆ ಬದಲಾಗಿ ಇಪ್ಪತ್ತು ವರ್ಷದ ಮ್ಯಾಲಾತು. ಈಗ ನಿಮ್ಮ ಹೊಲದಾಗಿನ ಗಿಡ ನಿಮ್ಮದ. ಕಡ್ಯಾಕ, ಸಾಗಸಾಕ ಅರಣ್ಯ ಇಲಾಖೆ ಪರವಾನಗಿ ಬೇಕು, ಅಷ್ಟ. ಕದ್ದು ಕಡದ್ರ ಮಾತ್ರ ನಿಮ್ಮ ಗಿಡ ಆದ್ರೂ ನಿಮ್ಮ ಮ್ಯಾಲ ಗುನ್ನೆ ಆಗ್ತೈತಿ.”

“ನಮ್ಮದ ಅಂದ ಮ್ಯಾಲ ಎಣಸೂದು ಯಾಕ್ರಿ?” ಎಂದ ಈರಯ್ಯ.

“ದೊಡ್ಡ ಗಿಡ ಎಷ್ಟು, ಸಸಿ ಎಷ್ಟು ಅಂತ ತಿಳದ್ರ ಗಂಧ ಬೆಳ್ಯಾಕತ್ತೈತೋ ಮುಗ್ಯಾಕತ್ತೈತೋ ಗೊತ್ತಾಗ್ತೈತ್ರಿ. ಬೀಜ ಕೊಡೂ ಗಿಡ ಹೋದ್ರ ಹಕ್ಕಿ ಏನ್ ತಂದು ಹಾಕಬೇಕು? ನೀವೂ ಇಲ್ಲ ಅಂದ್ರಿ, ಆಚಿ ಹೊಲದವ್ರೂ ಇಲ್ಲ ಅಂದ್ರು. ಈ ಹಳ್ಳದ ದಂಡಿಗೆ ಗಂಧನ ಇಲ್ಲ ಅಂತ ಬರಕೊಂಡು ಹೋದೆ. ಇಲ್ಲದ್ದನ್ನ ಕಾಯಾಕ ಯಾರ ಬರ್ತಾರ್ರೀ?”

“ಬಾಯಾರ, ಈ ಬೊಡ್ಡಿನೂ ಲೆಕ್ಕಕ್ಕ ಹಿಡೀತೀರೇನ್ರಿ?” ಎಂದು ಶಂಕ್ರೆವ್ವ ಕೇಳಿದಳು.

“ಹಿಡೀಬೇಕ್ರಿ. ಹೋದದ್ದೂ ಲೆಕ್ಕನ.”

ಶಂಕ್ರೆವ್ವ ಟೇಪು ಇಸಿದುಕೊಂಡು ಗಂಡನ ಕೈಗೆ ತುರುಕಿದಳು. “ಹಿಡೀರಿ. ನೀವ ಅಳೀರಿ.”

ಈರಯ್ಯ ಮೊಣಕಾಲೂರಿ ಬೊಡ್ಡೆಗೆ ಟೇಪು ಸುತ್ತಿದ. ಮೂಗಿಗೆ ಗಂಧದ ವಾಸನೆ ಹೊಡೆಯಿತು. ಅಳತೆ ಹೇಳಿ ಕಣ್ಣು ಒರೆಸಿಕೊಂಡ. ಶಂಕ್ರೆವ್ವ ಅವನನ್ನು ಸಂತೈಸಲಿಲ್ಲ.

ಅಂದೇ ಅವನು ಬಣವಿ ಕಿತ್ತ. ಉಳಿದ ಎರಡು ಗಿಡಗಳನ್ನೂ ಬದುಕಿದ್ದ ಸಸಿಗಳನ್ನೂ ತಾನೇ ತೋರಿಸಿ ಬರೆಸಿದ. ಬಬಲೇಶ್ವರದ ಠಾಣೆಗೆ ಹೋಗಿ, “ಹೆದರಿ ಸುಳ್ಳು ಹೇಳಿದ್ದೆ ಸಾಹೇಬ್ರ,” ಎಂದು ಒಪ್ಪಿಕೊಂಡು ದೂರು ಕೊಟ್ಟ. ಈಗ ಆ ಗಿಡಗಳು ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತವೆ. ಪರಿಚಯವಿಲ್ಲದವರು ಬದುವಿನ ಮೇಲೆ ಕಾಲಿಟ್ಟರೆ ತುಕಾರಾಮ ಅಲ್ಲಿಂದಲೇ “ಯಾರಲೇ ಅಂವ!” ಎಂದು ಗದರುತ್ತಾನೆ. ಹೋದ ಗಿಡ ಮಾತ್ರ ಸಿಕ್ಕಿಲ್ಲ.

ರೈತ ಬಂಧುಗಳೇ, ಅಕ್ಕ ತಂಗಿಯರೇ, ನಿಮ್ಮ ಬದುವಿನಲ್ಲೂ ಇಂಥ ಬೆಲೆಬಾಳುವ ಗಿಡಗಳಿರಬಹುದು. ಎಣಿಸಲು ಬಂದವರ ಗುರುತಿನ ಚೀಟಿ ಕೇಳಿ, ಪಂಚಾಯಿತಿಯಲ್ಲಿ ವಿಚಾರಿಸಿ, ಖಾತ್ರಿಯಾದ ಮೇಲೆ ಕರೆದೊಯ್ದು ತೋರಿಸಿ. ಸಸಿಯನ್ನೂ ತೋರಿಸಿ, ಬೊಡ್ಡೆಯನ್ನೂ ತೋರಿಸಿ. ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಶಂಕ್ರೆವ್ವ ಇವತ್ತಿಗೂ ಗಂಡನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ರೊಟ್ಟಿ ಬಡಿಸುತ್ತಾಳೆ, ಎದ್ದು ಹೋಗುತ್ತಾಳೆ. ನಿಮ್ಮ ಮನೆಗೆ ಆ ಗತಿ ಬರುವುದು ಬೇಡ. ಇರುವ ಗಿಡವನ್ನು ಇದೆ ಎಂದು ಇವತ್ತೇ ಹೇಳಿ.